ಮಂತ್ರಕ್ಕೆ ಬೆಲೆ ಕಟ್ಟುವ ಲೆಕ್ಕ

ಮೆಜೆಸ್ಟಿಕ್ ಬಸ್ ನಿಲ್ದಾಣಕ್ಕೆ ಕೂಗಳತೆಯ ದೂರದಲ್ಲಿ, ಗಾಂಧಿನಗರದ ಒಂದು ಅಡ್ಡರಸ್ತೆಯ ಮನೆಯ ಮಹಡಿಯ ಮೇಲೆ ನಮ್ಮ ವಿದ್ಯಾರ್ಥಿಗಳು ಐವರು ಭಾನುವಾರ ಮಧ್ಯಾಹ್ನ ಸೇರುವ ವಾಡಿಕೆಯುಂಟು. ಮಲ್ಲೇಶ್ವರದವರು ಇಬ್ಬರು, ಚಾಮರಾಜಪೇಟೆಯವನೊಬ್ಬ, ಬಸವನಗುಡಿಯವಳೊಬ್ಬಳು, ಆ ಮನೆಯ ಹುಡುಗನೊಬ್ಬ. ಎಲ್ಲ ದಿಕ್ಕಿನ ಬಸ್ಸುಗಳೂ ಬಂದು ಸೇರುವ ಸ್ಥಳವಾದುದರಿಂದ ಯಾರಿಗೂ ದೂರವಾಗದು. ಅವರು ಅಲ್ಲಿ ಆಡುವುದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ. ಕೆಲವು ತಿಂಗಳ ಹಿಂದೆ ಚಾಮರಾಜಪೇಟೆಯ ಹುಡುಗನು ಬರುವುದನ್ನೇ ಬಿಟ್ಟನು. ವ್ಯಾಜ್ಯವನ್ನು ತೀರಿಸಿಕೊಡಬೇಕೆಂದು ಉಳಿದವರು ನಮ್ಮಲ್ಲಿಗೆ ಬಂದರು. ಭೌತಶಾಸ್ತ್ರದ ಅಧ್ಯಾಪಕರಿಗೂ ಮಂತ್ರಪ್ರಯೋಗಕ್ಕೂ ಏನು ಸಂಬಂಧವೆಂದು ವಾಚಕರು ನಗಬಹುದು. ಮೊದಲು ನಾವೂ ನಕ್ಕೆವು.

ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬ ಇಬ್ಬರು ೧೯೭೪ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ಆಟ ಇದು. ಮೇಜಿನ ಸುತ್ತ ಕುಳಿತವರಲ್ಲಿ ಒಬ್ಬನು ಕಥೆಯನ್ನು ನಡೆಸುವ ಸೂತ್ರಧಾರ. ಮಿಕ್ಕವರು ಯೋಧ, ಮಾಂತ್ರಿಕ, ಕಳ್ಳ ಮೊದಲಾದ ಪಾತ್ರಗಳನ್ನು ವಹಿಸಿ, ತಾವು ಏನು ಮಾಡುವೆವೆಂದು ಬಾಯಲ್ಲಿ ಹೇಳುತ್ತಾರೆ. ಅದು ಕೈಗೂಡಿತೇ ಇಲ್ಲವೇ ಎಂಬುದನ್ನು ಇಪ್ಪತ್ತು ಮುಖಗಳ ದಾಳ ತೀರ್ಮಾನಿಸುತ್ತದೆ. ನಿಯಮಗಳ ಪುಸ್ತಕವೇನೋ ದಪ್ಪವಾದುದೇ. ಆದರೂ ಪ್ರತಿಯೊಂದು ಗುಂಪೂ ತನಗೆ ಒಪ್ಪುವ ಒಂದೆರಡು ನಿಯಮಗಳನ್ನು ಸೇರಿಸಿಕೊಳ್ಳುತ್ತದೆ. ಇವನ್ನು ಮನೆನಿಯಮಗಳೆನ್ನೋಣ. ಚೌಕಾಬಾರ ಆಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಟ ಬಿಟ್ಟವನದು ಯೋಧನ ಪಾತ್ರ. “ಸಾರ್, ನಾನು ಕತ್ತಿ ಎತ್ತೋ ಹೊತ್ತಿಗೆ ಅವಳು ಎಲ್ಲರನ್ನೂ ಸುಟ್ಟು ಬೂದಿ ಮಾಡಿರ್ತಾಳೆ. ನಾನು ಯಾಕೆ ಬಸ್ ಚಾರ್ಜು ಕೊಟ್ಟು ಬರಬೇಕು?” ಎಂದನು. ಅವಳೆಂದರೆ ಮಾಂತ್ರಿಕಳ ಪಾತ್ರ ವಹಿಸಿದ ಬಸವನಗುಡಿಯ ಹುಡುಗಿ. ಸುಡುವುದು ‘ಫೈರ್‌ಬಾಲ್’ ಎಂಬ ಮಂತ್ರದಿಂದ. ಗುಂಪಿನವರು ಇದಕ್ಕೆ ಎರಡು ಮನೆನಿಯಮಗಳನ್ನು ಯೋಚಿಸಿದ್ದರು. ಮಂತ್ರಕ್ಕೆ ಎಸೆಯುವ ದಾಳಗಳನ್ನು ಎಂಟರಿಂದ ಆರಕ್ಕೆ ಇಳಿಸುವುದು ಒಂದು. ಮಂತ್ರ ಹೇಳುವ ಮುನ್ನ ಇಪ್ಪತ್ತು ಮುಖದ ದಾಳವನ್ನು ಎಸೆದು, ೧ ಬಿದ್ದರೆ ಮಂತ್ರ ಫಲಿಸದೆಂದು ಗೊತ್ತುಮಾಡುವುದು ಇನ್ನೊಂದು. ಯಾವುದು ನ್ಯಾಯವೆಂಬುದೇ ಪ್ರಶ್ನೆ. ಎರಡೂ ನಿಷ್ಪ್ರಯೋಜಕವೆಂಬುದು ನಮ್ಮ ಅಭಿಪ್ರಾಯ.

೨೦೧೪ರ ಆವೃತ್ತಿಯ ನಿಯಮಗಳನ್ನೇ ಹಿಡಿದು ಲೆಕ್ಕ ಮಾಡೋಣ. ಐದನೆಯ ಮಟ್ಟದ ಯೋಧನು ತನ್ನ ಸರದಿಯಲ್ಲಿ ಎರಡು ಬಾರಿ ಕತ್ತಿ ಬೀಸುತ್ತಾನೆ. ಒಂದು ಪೆಟ್ಟಿಗೆ ಸರಾಸರಿ ೮.೫ ಅಂಕ. ನೂರಕ್ಕೆ ೬೫ ಬಾರಿ ಗುರಿ ಮುಟ್ಟುವುದೆಂದು ಇಟ್ಟುಕೊಂಡರೆ ಸರದಿಗೆ ಸುಮಾರು ೧೧ ಅಂಕ. ಆರು ಮುಖದ ದಾಳದ ಸರಾಸರಿ ೩.೫ ಆದುದರಿಂದ ಎಂಟು ದಾಳಗಳ ಫೈರ್‌ಬಾಲ್‌ಗೆ ೨೮ ಅಂಕ. ಪಕ್ಕಕ್ಕೆ ಹಾರಿ ತಪ್ಪಿಸಿಕೊಂಡವನಿಗೆ ಅದರ ಅರ್ಧ. ನೂರಕ್ಕೆ ೪೦ ಮಂದಿ ಹೀಗೆ ಹಾರುವರೆಂದರೆ ತಲೆಗೆ ೨೨.೪, ನಾಲ್ವರು ಒತ್ತಾಗಿ ನಿಂತಿದ್ದರೆ ೮೯.೬. ಒಂದು ಕಾಳಗ ನಾಲ್ಕು ಸರದಿಗಳಲ್ಲಿ ಮುಗಿಯುವುದಾದರೆ ಯೋಧನ ಗಳಿಕೆ ೪೪. ಎರಡು ಬಾರಿ ಮಂತ್ರ ಬಿಟ್ಟ ಮಾಂತ್ರಿಕಳದು ೧೭೯. ಹುಡುಗನ ದೂರು ಸುಳ್ಳಲ್ಲ.

ಈಗ ಮನೆನಿಯಮಗಳನ್ನು ಹಚ್ಚಿ ನೋಡಿ. ದಾಳ ಆರಾದರೆ ೧೭೯ ಹೋಗಿ ೧೩೪ ಆಗುತ್ತದೆ. ೧ ಬಿದ್ದರೆ ನಿಷ್ಫಲವೆಂಬ ನಿಯಮ ಕಳೆಯುವುದು ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ. ಎರಡನ್ನೂ ಸೇರಿಸಿದರೂ ೧೨೮ ಉಳಿಯುತ್ತದೆ. ಯೋಧನ ೪೪ಕ್ಕೆ ಅದು ಹತ್ತಿರ ಬರುವುದಿಲ್ಲ.

ನಮ್ಮ ಚೌಕಾಬಾರದಲ್ಲಿಯೂ ಹೀಗೆಯೇ. ಒಂದೇ ಸಮನೆ ಮೂರು ಸಲ ಚೌಕವೋ ಬಾರವೋ ಬಿದ್ದರೆ ಆ ಲೆಕ್ಕ ರದ್ದೆಂಬ ನಿಯಮಕ್ಕಾಗಿ ಕೆಲವು ಮನೆಗಳಲ್ಲಿ ಮಾತೇ ನಿಂತುಹೋಗುವುದುಂಟು. ನಾಲ್ಕು ಕವಡೆಗಳ ಎರಡು ಮಗ್ಗುಲೂ ಸಮನಾಗಿ ಬೀಳುವುವೆಂದರೆ ಇದರ ಸಂಭವನೀಯತೆ ೫೧೨ರಲ್ಲಿ ಒಂದು. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಮನೆಗೆ ಹೋಗಕೂಡದೆಂಬ ನಿಯಮವಾದರೋ ಪ್ರತಿ ಆಟವನ್ನೂ ಆಳುತ್ತದೆ. ಅದರ ವಿಷಯದಲ್ಲಿ ಯಾರೂ ಸೊಲ್ಲೆತ್ತುವುದಿಲ್ಲ.

ಹಾಗಾದರೆ ಫೈರ್‌ಬಾಲ್‌ನ ಆಟವನ್ನು ಆಳುವ ನಿಯಮ ಯಾವುದು? ಛಾಯಾಗ್ರಾಹಕನ ಫ್ಲ್ಯಾಷ್ ದೀಪವನ್ನು ನೆನೆಯಿರಿ. ೫೦ ಜೂಲ್ ಶಕ್ತಿಯನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ಚೆಲ್ಲಿದರೆ ಆ ಕ್ಷಣದ ಸಾಮರ್ಥ್ಯ ೫೦,೦೦೦ ವ್ಯಾಟ್. ಮತ್ತೆ ತುಂಬಿಕೊಳ್ಳಲು ಐದು ಸೆಕೆಂಡು ಬೇಕಾದರೆ ಸರಾಸರಿ ಸಾಮರ್ಥ್ಯ ೧೦ ವ್ಯಾಟ್ ಮಾತ್ರ. ಮಂತ್ರವೂ ಅಂಥದೇ. ಆ ಮಟ್ಟದ ಮಾಂತ್ರಿಕಳಿಗೆ ಇಂಥ ಮಂತ್ರ ದಿನಕ್ಕೆ ಎರಡು, ನಡುವೆ ಕೊಂಚ ವಿರಮಿಸಿದರೆ ಇನ್ನೊಂದು. ಎಲ್ಲವೂ ಮರಳಿ ಬರುವುದು ಎಂಟು ಗಂಟೆಯ ದೀರ್ಘ ವಿಶ್ರಾಂತಿಯ ನಂತರ. ಅದೂ ಇಪ್ಪತ್ತನಾಲ್ಕು ಗಂಟೆಗೆ ಒಂದೇ ಸಾರಿ. ದಿನಕ್ಕೆ ಆರರಿಂದ ಎಂಟು ಕಾಳಗಗಳನ್ನು ಪುಸ್ತಕದವರು ಎಣಿಸಿದ್ದಾರೆ. ಆರೆಂದರೆ ಯೋಧನಿಗೆ ಇಪ್ಪತ್ತನಾಲ್ಕು ಸರದಿ, ೨೬೫ ಅಂಕ. ಮಾಂತ್ರಿಕಳ ಮೂರು ಮಂತ್ರಗಳಿಗೆ ೨೬೯. ಸರದಿಗಳ ಸಂಖ್ಯೆ ನಮ್ಮ ಊಹೆಯಾದುದರಿಂದಲೂ, ಇಬ್ಬರ ಸಣ್ಣಪುಟ್ಟ ಶಕ್ತಿಗಳನ್ನು ಬಿಟ್ಟಿರುವುದರಿಂದಲೂ ಇಷ್ಟೊಂದು ಹೊಂದಿಕೆಯನ್ನು ಪೂರ್ತಿ ನಂಬಲಾಗದು. ಆದರೂ ತಕ್ಕಡಿ ಯಾವ ಕಡೆಯಿಂದ ಸಮವಾಗುವುದೆಂಬುದು ಸ್ಪಷ್ಟ.

ಕರ್ಣನ ಕೈಯಲ್ಲಿದ್ದ ಇಂದ್ರನ ಶಕ್ತ್ಯಾಯುಧ ಒಂದೇ ಪ್ರಯೋಗದ್ದು. ಅದರ ಬಲವನ್ನು ಯಾರೂ ತಗ್ಗಿಸಲಿಲ್ಲ. ಹೊತ್ತು ಮುಳುಗಿದ ಮೇಲೂ ನಿಲ್ಲದ ಯುದ್ಧದಲ್ಲಿ ಘಟೋತ್ಕಚನು ಎದುರಾಗಲು, ಅರ್ಜುನನಿಗಾಗಿ ಇಟ್ಟುಕೊಂಡಿದ್ದುದು ಅವನ ಮೇಲೆ ವೆಚ್ಚವಾಯಿತು. ಜ್ಯಾಕ್ ವ್ಯಾನ್ಸ್ ಎಂಬ ಲೇಖಕನ ಕಥೆಗಳಿಂದ ಗೈಗ್ಯಾಕ್ಸ್ ತಂದುಕೊಂಡ ಹಳೆಯ ನಿಯಮವೂ ಇಂಥದೇ: ಒಮ್ಮೆ ನುಡಿದ ಮಂತ್ರ ನೆನಪಿನಿಂದ ಅಳಿಸಿಹೋಗಬೇಕು.

ನಮ್ಮ ಹುಡುಗರ ಗುಂಪಿನಲ್ಲಿ ಕಾಳಗವೊಂದಕ್ಕೆ ಎರಡು ಗಂಟೆ ಹಿಡಿಯುತ್ತಿತ್ತು. ಅದು ಮುಗಿಯುವಾಗ ಬಸ್ಸಿಗೆ ಹೊತ್ತಾಗುತ್ತಿತ್ತು. ಸೂತ್ರಧಾರನು “ರಾತ್ರಿಯಾಯಿತು, ಎಲ್ಲರೂ ಮಲಗಿದಿರಿ” ಎಂದು ಪುಸ್ತಕ ಮುಚ್ಚುತ್ತಿದ್ದನು. ಮುಂದಿನ ಭಾನುವಾರ ಮಾಂತ್ರಿಕಳ ಭಂಡಾರ ಮತ್ತೆ ತುಂಬಿರುತ್ತಿತ್ತು. ಭಾನುವಾರ ಮುಗಿದರೆ ಕಥೆಯ ದಿನವೂ ಮುಗಿಯಿತೆಂಬ ಈ ನಿಯಮವನ್ನು ಯಾರೂ ಬರೆದಿರಲಿಲ್ಲ, ಯಾರೂ ಒಪ್ಪಿಯೂ ಇರಲಿಲ್ಲ. ಮೆಜೆಸ್ಟಿಕ್ಕಿನ ಬಸ್ಸಿನ ವೇಳೆ ಅದನ್ನು ಬರೆದಿತ್ತು.

ಆದುದರಿಂದ ನಾವು ಹೇಳಿದುದು ಇಷ್ಟೆ: ಮಂತ್ರವನ್ನು ಮುಟ್ಟಬೇಡಿ, ನಿದ್ರೆಗೆ ಬೆಲೆ ಕಟ್ಟಿ. ವೆಚ್ಚವಾದ ಮಂತ್ರಕ್ಕೆ ಕಾಗದದ ಮೇಲೆ ಗುರುತು ಹಾಕಿ, ಎಷ್ಟು ಭಾನುವಾರ ಕಳೆದರೂ ಪಾತ್ರಗಳು ಸುರಕ್ಷಿತವಾದ ಊರನ್ನು ಸೇರುವವರೆಗೆ ಆ ಗುರುತು ಉಳಿಯಲಿ. ಇದರಿಂದ ಮಾಂತ್ರಿಕಳು ಕೈಕಟ್ಟಿ ಕೂರಬೇಕಾಗುವುದೆಂದು ಆ ಹುಡುಗಿ ವಾದಿಸಿದಳು. ಅವಳ ಮಾತಿನಲ್ಲಿ ಹುರುಳಿತ್ತು. ಆರು ವಾರ ಕಾಯಿಸುವುದು ಇನ್ನೊಂದು ಅನ್ಯಾಯ. ಕೊನೆಗೆ ಮೂರು ಭಾನುವಾರಗಳಿಗೆ ಒಂದು ರಾತ್ರಿ, ಭಾನುವಾರಕ್ಕೆ ಎರಡು ಚಿಕ್ಕ ಕಾಳಗ ಎಂದು ಗೊತ್ತಾಯಿತು. ಆಟಕ್ಕೆ ಲೆಕ್ಕವನ್ನು ತಂದರೆ ಸ್ವಾರಸ್ಯ ಕೆಡುವುದೆಂದು ಮಲ್ಲೇಶ್ವರದವನೊಬ್ಬನು ಗೊಣಗಿದನು. ಲೆಕ್ಕ ಮೊದಲೇ ಅಲ್ಲಿತ್ತು, ನೋಡಿರಲಿಲ್ಲ ಅಷ್ಟೆ ಎಂದು ಅವನಿಗೆ ಹೇಳಿದೆವು.

ಯೋಧನು ಮರಳಿ ಬಂದನು. ಮೂರನೆಯ ಭಾನುವಾರ ನಾವೂ ನೋಡಲು ಹೋಗಿದ್ದೆವು. ಮಾಂತ್ರಿಕಳ ಕಾಗದದ ಮೇಲೆ ಎರಡು ಗುರುತುಗಳು ಬಿದ್ದಿದ್ದುವು. ಆರನೆಯ ಕಾಳಗ ಒಂದು ಸೇತುವೆಯ ಮೇಲೆ. ನಾವು ಬಸ್ಸಿಗೆಂದು ಎದ್ದಾಗ ಹುಡುಗನು ಒಬ್ಬನೇ ದಾರಿಗೆ ಅಡ್ಡಲಾಗಿ ಕತ್ತಿ ಹಿಡಿದು ನಿಂತಿದ್ದನು. ಹುಡುಗಿ ಪೆನ್ಸಿಲನ್ನು ಕಚ್ಚಿಕೊಂಡು, ಉಳಿದ ಒಂದನ್ನು ಈಗ ಬಿಡಲೇ, ಇನ್ನೊಂದು ಸರದಿ ಕಾಯಲೇ ಎಂದು ಎಣಿಸುತ್ತಿದ್ದಳು.