ತೋಟಾ ಬೇಕು, ತೋಟಾ ತುಂಬುವ ಯಂತ್ರ ಬೇಡ



ಕಾಡುಹಂದಿಯ ಕಾಟ ಮಲೆನಾಡಿನ ಕಾಫಿ, ಅಡಿಕೆ ತೋಟಗಳಿಗೆ ಮಾತ್ರ ಎಂದು ಹೇಳುತ್ತಿದ್ದ ಕಾಲ ಹೋಯಿತು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ಗುಡ್ಡದ ಅಂಚಿನ ಕಡಲೆಕಾಯಿ ಹೊಲವನ್ನೂ ಮುಸುಕಿನ ಜೋಳದ ಹೊಲವನ್ನೂ ಹಂದಿಯ ಹಿಂಡು ಒಂದೇ ರಾತ್ರಿಯಲ್ಲಿ ಉತ್ತು ಹಾಕಿ ಹೋಗುತ್ತದೆ. ಕೊಳವೆಬಾವಿಯನ್ನು ನಂಬಿ ಅಡಿಕೆ ಸಸಿ ಇಟ್ಟ ಮೈದಾನದ ನಮ್ಮಂಥವರಿಗೂ ಅದರ ಹಾವಳಿ ತಪ್ಪಿದ್ದಲ್ಲ. ಸಸಿಯ ಬುಡ ಕೆದರುವುದು, ಹನಿ ನೀರಾವರಿಯ ಪೈಪು ಕೀಳುವುದು ಈಗ ದಿನದ ಮಾತಾಗಿದೆ.

ಆದ್ದರಿಂದಲೇ ಬೆಳೆ ರಕ್ಷಣೆಯ ಕೋವಿಯ ವಿಚಾರ ನಮ್ಮ ಸದಸ್ಯರಲ್ಲಿ ಮತ್ತೆ ಮತ್ತೆ ಬರುತ್ತಿದೆ. ಲೈಸೆನ್ಸು ಸಿಗುವುದು ಕಷ್ಟ, ಸಿಕ್ಕರೂ ತೋಟಾ ಕೊಳ್ಳಲು ಬೆಂಗಳೂರಿಗೆ ಓಡಬೇಕು, ಅಲ್ಲಿ ಹೋದಾಗ ದಾಸ್ತಾನಿಲ್ಲ ಎಂಬ ಉತ್ತರ. ಇದರಿಂದ ಬೇಸತ್ತ ಕೆಲವು ತರುಣರು ಈಗ ಹೊಸದೊಂದು ಪ್ರಶ್ನೆ ಎತ್ತಿದ್ದಾರೆ. ಅಮೆರಿಕದಲ್ಲಿ ಜನ ಮನೆಯಲ್ಲೇ ಯಂತ್ರ ಹೂಡಿಕೊಂಡು ಖಾಲಿ ತೋಟಾಗಳನ್ನು ತಾವೇ ತುಂಬಿಕೊಳ್ಳುತ್ತಾರಂತೆ. ನಾವೇಕೆ ಅದನ್ನು ಮಾಡಬಾರದು?

ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವುದು ಸರಿಯಲ್ಲ. ಯಂತ್ರ ಹೂಡುವುದು ನಮ್ಮ ಕಡೆಯವರಿಗೆ ಹೊಸದೇನೂ ಅಲ್ಲ. ಶಿಡ್ಲಘಟ್ಟದಲ್ಲಿ ಮನೆಯ ಮಗ್ಗುಲಲ್ಲೇ ರೇಷ್ಮೆ ನೂಲು ಬಿಚ್ಚುವ ಚರಕ, ಬೇಸಿನ್ ಇಟ್ಟುಕೊಂಡು, ಅದು ಕೆಟ್ಟರೆ ತಾವೇ ರಿಪೇರಿ ಮಾಡಿಕೊಂಡು ಸಂಸಾರ ಸಾಗಿಸುವವರು ಎಷ್ಟೋ ಮಂದಿ. ಅಂಥ ಕೈಗಳಿಗೆ ಯಾವ ಯಂತ್ರವೂ ಅಸಾಧ್ಯವಲ್ಲ. ಆದರೂ ಈ ಯಂತ್ರ ನಮಗೆ ಬೇಡ ಎಂಬುದೇ ನಮ್ಮ ಖಚಿತ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಒಂದೊಂದಾಗಿ ಸದಸ್ಯರ ಮುಂದಿಡುತ್ತೇವೆ.

ಯಂತ್ರ ಏನು ಮಾಡುತ್ತದೆ

ಎಂ.ಇ.ಸಿ., ಡಿಲ್ಲನ್ ಮುಂತಾದ ಅಮೆರಿಕದ ಕಂಪನಿಗಳು ಈ ಯಂತ್ರಗಳನ್ನು ತಯಾರಿಸುತ್ತವೆ. ಒಂದು ದುಂಡು ತಟ್ಟೆಯ ಸುತ್ತ ಹಲವು ಖಾಲಿ ತೋಟಾಗಳು ನಿಲ್ಲುತ್ತವೆ. ಹಿಡಿಯನ್ನು ಒಮ್ಮೆ ಎಳೆದರೆ ಒಂದು ಕಡೆ ಹಳೆಯ ಕೇಪು ಉದುರುತ್ತದೆ, ಇನ್ನೊಂದು ಕಡೆ ಹೊಸ ಕೇಪು ಕೂರುತ್ತದೆ, ಮುಂದಿನದರಲ್ಲಿ ಮದ್ದು ಬೀಳುತ್ತದೆ, ಅದರ ಮುಂದಿನದರಲ್ಲಿ ಬಿರಡೆ ಮತ್ತು ಚರೆ, ಕೊನೆಗೆ ಬಾಯಿ ಮಡಚಿ ಮುಚ್ಚುತ್ತದೆ. ತಟ್ಟೆ ಒಂದು ಮನೆ ಮುಂದಕ್ಕೆ ಸರಿಯುತ್ತದೆ. ಹೀಗೆ ಒಂದು ಎಳೆತಕ್ಕೆ ಒಂದು ತೋಟಾ, ಗಂಟೆಗೆ ನೂರಾರು.

ಇಲ್ಲಿಯೇ ಮೊದಲ ಮಾತು ಬರುತ್ತದೆ. ಪಂದ್ಯದ ಗುರಿಗಾರರು ತಿಂಗಳಿಗೆ ಸಾವಿರ ಈಡು ಹೊಡೆಯುತ್ತಾರೆ. ಅವರಿಗೆ ಅದು ಉಪಯೋಗ. ಎರಡು ಮೂರು ಎಕರೆ ಹಿಡುವಳಿದಾರನಿಗೆ ವರ್ಷಕ್ಕೆ ಬೇಕಾಗುವುದು ಎಷ್ಟು? ಹತ್ತೋ ಇಪ್ಪತ್ತೋ. ಅಷ್ಟನ್ನು ಆ ಯಂತ್ರ ಹತ್ತು ನಿಮಿಷದಲ್ಲಿ ಮುಗಿಸಿ ಉಳಿದ ವರ್ಷವೆಲ್ಲ ತುಕ್ಕು ಹಿಡಿಯುತ್ತ ಕೂರುತ್ತದೆ. ಒಂದು ಸೇರು ರಾಗಿ ಬೀಸಲು ಮನೆಯಲ್ಲಿ ಮಿಲ್ಲು ಹೂಡಿದಂತೆ ಅಷ್ಟೆ.

ಎರಡನೆಯದು, ಅದರ ಪಾಲನೆ. ನೂಲು ಬಿಚ್ಚುವ ಬೇಸಿನ್ ತಪ್ಪಿದರೆ ಎಳೆ ತುಂಡಾಗುತ್ತದೆ, ಗಂಟು ಹಾಕಬಹುದು. ತೋಟಾ ಯಂತ್ರ ತಪ್ಪಿದರೆ ಗೊತ್ತಾಗುವುದು ಕೋವಿಯನ್ನು ಕೆನ್ನೆಗೆ ಒತ್ತಿ ಕುದುರೆ ಎಳೆದಾಗಲೇ. ಮದ್ದನ್ನು ಗ್ರೈನ್ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಗ್ರೈನ್ ಎಂದರೆ ಸುಮಾರು 65 ಮಿಲಿಗ್ರಾಂ. ತಂಡಿ ಹಿಡಿದ ಮದ್ದು ಕೊಳವೆಯಲ್ಲಿ ಕಟ್ಟಿಕೊಂಡರೆ ಒಂದು ತೋಟಾಕ್ಕೆ ಮದ್ದೇ ಬೀಳುವುದಿಲ್ಲ. ಆಗ ಕೇಪಿನ ಬಲಕ್ಕೆ ಬಿರಡೆ ನಳಿಗೆಯ ಅರ್ಧದವರೆಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ ಇನ್ನೊಂದು ಈಡು ಹೊಡೆದರೆ ನಳಿಗೆ ಸೀಳುತ್ತದೆ. ಕೆಲಸದ ನಡುವೆ ಯಾರೋ ಕರೆದರೆಂದು ಎದ್ದು ಹೋಗಿ ಬಂದು, ಮದ್ದು ಬಿದ್ದ ತೋಟಾಕ್ಕೆ ಮತ್ತೊಮ್ಮೆ ಮದ್ದು ಬಿದ್ದರೆ ಇನ್ನೂ ಕೆಟ್ಟದ್ದು. ಕೇಪುಗಳ ಕೊಳವೆಯಲ್ಲಿ ಒಂದು ಕೇಪು ಅಡ್ಡವಾಗಿ ಜಜ್ಜಿ ಸಿಡಿದರೆ ಸಾಲಾಗಿ ಎಲ್ಲವೂ ಸಿಡಿಯಬಹುದು. ಇದನ್ನೆಲ್ಲ ತಡೆಯಲು ನುಣುಪಾದ ತಕ್ಕಡಿ, ಕ್ರಮಬದ್ಧ ಪರೀಕ್ಷೆ, ಬೆಂಕಿಯಿಂದ ದೂರದ ಬೇರೆ ಕೋಣೆ, ತಪ್ಪದ ಶಿಸ್ತು ಬೇಕು. ಒಲೆಯೂ ಮಕ್ಕಳೂ ಇರುವ ನಮ್ಮ ಮನೆಗಳಲ್ಲಿ ಇದು ಆಗುವ ಮಾತಲ್ಲ.

ಹಳೆಯ ಕೋವಿ, ಹೊಸ ಮದ್ದು

ನಮ್ಮಲ್ಲಿ ಎಷ್ಟೋ ಮನೆಗಳಲ್ಲಿರುವುದು ಅಜ್ಜನ ಕಾಲದ ಕೋವಿ. ಕಬ್ಬಿಣದ ಪಟ್ಟಿಗಳನ್ನು ಹೊಸೆದು ಬೆಸೆದ ಡಮಾಸ್ಕಸ್ ನಳಿಗೆಗಳು ಕರಿಮದ್ದಿನ ಕಾಲಕ್ಕೆಂದು ಮಾಡಿದವು. ಹೊಗೆಯಿಲ್ಲದ ಇಂದಿನ ಮದ್ದಿನ ಒತ್ತಡವನ್ನು ಅವು ತಾಳುತ್ತವೆಂದು ನಂಬುವಂತಿಲ್ಲ. ಕೇಪಿನ ಕೋವಿಗಂತೂ ಆ ಮದ್ದನ್ನು ಹಾಕಲೇಬಾರದು. "ಹಿಂದೆ ಹಿತ್ತಾಳೆ ತೋಟಾಗಳಿಗೆ ಹಿರಿಯರು ಕೈಯಲ್ಲೇ ತುಂಬುತ್ತಿರಲಿಲ್ಲವೇ" ಎಂದು ಕೇಳುವವರು ಈ ವ್ಯತ್ಯಾಸವನ್ನು ನೆನಪಿಡಬೇಕು. ಅವರು ತುಂಬುತ್ತಿದ್ದದ್ದು ಕರಿಮದ್ದು. ಅದರಲ್ಲಿ ಅಳತೆ ಕೊಂಚ ಹೆಚ್ಚು ಕಡಿಮೆಯಾದರೂ ಬಹುಪಾಲು ನಡೆದುಹೋಗುತ್ತಿತ್ತು. ಹೊಗೆಯಿಲ್ಲದ ಮದ್ದು ಅಂಥ ಅಂದಾಜಿನ ಲೆಕ್ಕವನ್ನು ಕ್ಷಮಿಸುವುದಿಲ್ಲ.

ಕಾಯಿದೆ ಏನು ಹೇಳುತ್ತದೆ

1959ರ ಶಸ್ತ್ರಾಸ್ತ್ರ ಕಾಯಿದೆಯ 2ನೇ ಕಲಮು ಮದ್ದುಗುಂಡು ಎಂದರೆ ಏನೆಂದು ವಿವರಿಸಿದೆ. ಆ ವಿವರಣೆಯೊಳಗೆ ಮದ್ದುಗುಂಡಿನ ಬಿಡಿಭಾಗಗಳೂ ಅದನ್ನು ತಯಾರಿಸುವ ಯಂತ್ರವೂ ಸೇರಿವೆ. ಎಂದರೆ ಒಂದು ತೋಟಾ ತುಂಬುವ ಮೊದಲೇ, ಯಂತ್ರ ಮನೆಯ ಮೂಲೆಯಲ್ಲಿ ಕೂತಿದ್ದರೂ, ಕಾಯಿದೆಯ ಕಣ್ಣಿಗೆ ಅದು ಮದ್ದುಗುಂಡೇ. ತಯಾರಿಕೆಗೆ 5ನೇ ಕಲಮಿನ ಪ್ರತ್ಯೇಕ ಲೈಸೆನ್ಸು ಬೇಕು. ಕೋವಿ ಇಟ್ಟುಕೊಳ್ಳುವ ಲೈಸೆನ್ಸು ಇದಕ್ಕೆ ಸಾಲದು. 2019ರ ತಿದ್ದುಪಡಿಯ ಮೇಲೆ ಲೈಸೆನ್ಸಿಲ್ಲದ ತಯಾರಿಕೆಗೆ ಶಿಕ್ಷೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ. ಹತ್ತು ತೋಟಾ ಉಳಿಸಲು ಹೋಗಿ ತೋಟವನ್ನೇ ಕಳೆದುಕೊಳ್ಳುವ ದಾರಿ ಇದು.

ಕೊಡಗಿನ ಉದಾಹರಣೆಯನ್ನೂ ಕೆಲವರು ಕೊಡುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇರುವುದು ನಿಜ. 2029ರ ಅಕ್ಟೋಬರ್ 31ರವರೆಗೆ ಅದನ್ನು ಕೇಂದ್ರ ಸರ್ಕಾರ ಮುಂದುವರಿಸಿದೆ, ರಾಜ್ಯದ ಹೈಕೋರ್ಟು 2021ರಲ್ಲಿ ಎತ್ತಿಹಿಡಿದಿದೆ. ಆದರೆ ಅದು ಕೋವಿ ಇಟ್ಟುಕೊಳ್ಳುವ ವಿನಾಯಿತಿ. ತೋಟಾ ಕಾರ್ಖಾನೆ ನಡೆಸುವ ಪರವಾನಗಿ ಅಲ್ಲ.

ಇನ್ನೊಂದು ವಿಷಯವನ್ನು ಇಲ್ಲಿಯೇ ಹೇಳಿಬಿಡಬೇಕು. ಕೋವಿಯ ಲೈಸೆನ್ಸು ಇದ್ದ ಮಾತ್ರಕ್ಕೆ ಹಂದಿ ಹೊಡೆಯಲು ಅನುಮತಿ ಸಿಕ್ಕಿತೆಂದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 11ನೇ ಕಲಮಿನ ಪ್ರಕಾರ, ನಿಂತ ಬೆಳೆಗೆ ಅಪಾಯ ತರುವ ಪ್ರಾಣಿಯ ವಿಷಯದಲ್ಲಿ ಅಧಿಕಾರ ಪಡೆದ ಅಧಿಕಾರಿಯ ಲಿಖಿತ ಆದೇಶ ಬೇಕು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಕಾಡುಹಂದಿ 2ನೇ ಅನುಸೂಚಿಯಲ್ಲಿದೆ. ನವಿಲು 1ನೇ ಅನುಸೂಚಿಯದು. ಅದರ ಕಡೆ ಕೋವಿ ತಿರುಗಿಸುವುದನ್ನು ಯಾರೂ ಮನಸ್ಸಿಗೂ ತರಬಾರದು.

ಹಿರೇನಾಗವಲ್ಲಿಯ ಪಾಠ

ಸ್ಫೋಟಕವನ್ನು ಊರ ಹತ್ತಿರ ಇಟ್ಟುಕೊಳ್ಳುವುದು ಏನೆಂದು ನಮ್ಮ ಜಿಲ್ಲೆಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. 2021ರ ಫೆಬ್ರವರಿ 23ರಂದು ಹಿರೇನಾಗವಲ್ಲಿಯಲ್ಲಿ, ಕಲ್ಲುಕ್ವಾರಿಗೆಂದು ಅಕ್ರಮವಾಗಿ ಇಟ್ಟಿದ್ದ ಜಿಲೆಟಿನ್ ಕಡ್ಡಿಗಳನ್ನು ವಿಲೇವಾರಿ ಮಾಡಲು ಹೋದಾಗ ಅವು ಸಿಡಿದು 6 ಮಂದಿ ಸತ್ತರು. ಅದಕ್ಕೆ ಒಂದು ತಿಂಗಳ ಹಿಂದೆಯಷ್ಟೇ ಶಿವಮೊಗ್ಗದ ಹುಣಸೋಡಿನಲ್ಲಿ ಅಂಥದೇ ಅನಾಹುತ ನಡೆದಿತ್ತು. ಜಿಲೆಟಿನ್ ಬೇರೆ, ತೋಟಾದ ಮದ್ದು ಬೇರೆ ಎಂದು ವಾದಿಸಬಹುದು. ಆದರೆ ತರುವಾಗ ಸುಲಭ, ಇಡುವಾಗ ಗುಟ್ಟು, ಭಯ ಹುಟ್ಟಿದ ಮೇಲೆ ಎಲ್ಲಿ ಬಿಸಾಡುವುದೆಂದು ತಿಳಿಯದ ಸಂಕಟ, ಇದು ಎರಡಕ್ಕೂ ಒಂದೇ. ಲೈಸೆನ್ಸಿಲ್ಲದೆ ತಂದ ಮದ್ದನ್ನು ನಾಳೆ ಯಾರ ಕೈಗೆ ಒಪ್ಪಿಸುತ್ತೀರಿ?

ಕೋವಿ ಸಿಗದವರು ಹಿಡಿಯುವ ಇನ್ನೂ ಕೆಟ್ಟ ದಾರಿಯೊಂದಿದೆ: ಹಣ್ಣಿನಲ್ಲೋ ಹಿಟ್ಟಿನಲ್ಲೋ ಸಿಡಿಮದ್ದು ಅಡಗಿಸಿಡುವುದು. ಅದನ್ನು ಕಚ್ಚಿ ಬಾಯಿ ಛಿದ್ರವಾಗುವುದು ಹಂದಿಯದು ಮಾತ್ರವಲ್ಲ, ಮೇಯಲು ಬಿಟ್ಟ ನಮ್ಮದೇ ಹಸುವಿನದು. 2020ರಲ್ಲಿ ಕೇರಳದ ಪಾಲಕ್ಕಾಡಿನಲ್ಲಿ ಬಸುರಿ ಆನೆಯೊಂದು ಹೀಗೆಯೇ ಸತ್ತದ್ದನ್ನು ದೇಶವೆಲ್ಲ ಕಂಡಿತು. ಬೇಲಿಗೆ ನೇರವಾಗಿ ಕರೆಂಟು ಹರಿಸುವುದೂ ಅಷ್ಟೇ ಪಾಪದ ಕೆಲಸ. ರಾತ್ರಿ ನೀರು ತಿರುಗಿಸಲು ಹೋದ ಪಕ್ಕದ ಹೊಲದವನೇ ಅದಕ್ಕೆ ಬಲಿಯಾದಾನು.

ನಮ್ಮ ಹಕ್ಕನ್ನು ನಾವು ಕೇಳೋಣ

ಹಾಗಾದರೆ ಬೆಳೆಗಾರ ಕೈಕಟ್ಟಿ ಕೂರಬೇಕೇ? ಖಂಡಿತ ಇಲ್ಲ. ಅದೇ ಶಸ್ತ್ರಾಸ್ತ್ರ ಕಾಯಿದೆಯ 13ನೇ ಕಲಮು ನಮ್ಮ ಪರವಾಗಿಯೂ ಇದೆ. ನಿಜವಾದ ಬೆಳೆ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸು ಕೊಡತಕ್ಕದ್ದೆಂದು ಅದು ಹೇಳುತ್ತದೆ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ನಯ ನಳಿಗೆಯ ಬೇರೆ ಕೋವಿಗೂ ಕೊಡಬಹುದು. ಬೆಳೆ ರಕ್ಷಣೆಯ ಅರ್ಜಿಯನ್ನು ಕಾಯಿದೆ ಮಾಡಿದವರೇ ಪ್ರತ್ಯೇಕವಾಗಿ ನೆನೆದಿದ್ದಾರೆ. ಅದನ್ನು ಭಿಕ್ಷೆಯಂತೆ ಕೇಳಬೇಕಾಗಿಲ್ಲ. ಪಹಣಿ, ಬೆಳೆಹಾನಿಯ ಫೋಟೋ, ಅರಣ್ಯ ಇಲಾಖೆಗೆ ಪರಿಹಾರಕ್ಕೆ ಕೊಟ್ಟ ಅರ್ಜಿಯ ನಕಲು, ಇವನ್ನು ಜೋಡಿಸಿ ಜಿಲ್ಲಾಧಿಕಾರಿಗಳಿಗೆ ಅರ್ಜಿ ಸಲ್ಲಿಸಬೇಕು. 2016ರ ನಿಯಮಗಳು ಹೇಳುವ ಸುರಕ್ಷತಾ ತರಬೇತಿಯನ್ನೂ ಪಡೆಯಬೇಕು.

ತೋಟಾದ ಕೊರತೆಗೆ ಸಂಘವೇ ಪರಿಹಾರ ಹುಡುಕಬೇಕು. ಪುಣೆಯ ಖಡಕಿಯಲ್ಲಿ 1869ರಿಂದ ಇರುವ ಸರ್ಕಾರಿ ಮದ್ದುಗುಂಡು ಕಾರ್ಖಾನೆಯ ಶಕ್ತಿಮಾನ್ ತೋಟಾ ನಮ್ಮ ಬೆಳೆಗಾರರಿಗೆ ಗೊತ್ತಿರುವ ಹೆಸರೇ. 2021ರ ಅಕ್ಟೋಬರ್ 1ರಿಂದ ಆ ಕಾರ್ಖಾನೆ ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್ ಎಂಬ ಕಂಪನಿಯ ಅಧೀನದಲ್ಲಿದೆ. ಒಬ್ಬೊಬ್ಬ ಬೆಳೆಗಾರ ಹತ್ತು ತೋಟಾಕ್ಕಾಗಿ ಬೆಂಗಳೂರಿಗೆ ಬಸ್ಸು ಹತ್ತುವುದಕ್ಕಿಂತ, ಲೈಸೆನ್ಸುದಾರ ಸದಸ್ಯರ ಬೇಡಿಕೆಯನ್ನು ಬೇಸಾಯದ ಹಂಗಾಮಿಗೆ ಮುಂಚೆ ಸಂಘ ಒಟ್ಟುಗೂಡಿಸಿ ಲೈಸೆನ್ಸು ಪಡೆದ ಅಂಗಡಿಯವರ ಮುಂದಿಡಲಿ. ಅದೂ ಫಲಿಸದಿದ್ದರೆ ಮಾರಾಟದ ಲೈಸೆನ್ಸಿಗೆ ಸಂಘವೇ ಅರ್ಜಿ ಹಾಕುವ ವಿಚಾರ ಮಹಾಸಭೆಯಲ್ಲಿ ಚರ್ಚೆಯಾಗಲಿ. ಗೊಬ್ಬರ, ಮೈಲುತುತ್ತ ಒದಗಿಸುವ ಸಂಘಕ್ಕೆ ಬೆಳೆ ಉಳಿಸುವ ಇದೊಂದು ಸಾಮಗ್ರಿ ಹೊರತಾಗಬೇಕೇಕೆ?

ಮನೆಯಲ್ಲಿ ಮಾಡಬೇಕಾದದ್ದು

ಯಂತ್ರ ಪಾಲನೆಯ ಆಸಕ್ತಿ ಇರುವವರು ಅದನ್ನು ಕೋವಿಯ ಪಾಲನೆಯಲ್ಲಿ ತೋರಿಸಲಿ. ಸದಸ್ಯರು ಕೆಳಗಿನ ಅಂಶಗಳನ್ನು ಗಮನಿಸಬೇಕು:

1. ಈಡು ಹೊಡೆದ ದಿನವೇ ನಳಿಗೆ ಒರೆಸಿ ಎಣ್ಣೆ ಕೈ ಆಡಿಸಿ. ಮಳೆಗಾಲದಲ್ಲಿ ಕೋವಿಯನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಇಡಬೇಡಿ. ಬಟ್ಟೆ ತೇವ ಹೀರುತ್ತದೆ.

2. ತೋಟಾ ಹಾಕುವ ಮೊದಲು ನಳಿಗೆಯ ಮೂಲಕ ಬೆಳಕು ನೋಡಿ. ಮಣ್ಣೋ, ಕಣಜ ಕಟ್ಟಿದ ಗೂಡೋ ಇದ್ದರೆ ನಳಿಗೆ ಒಡೆಯುತ್ತದೆ.

3. 12 ಬೋರಿನ ಕೋವಿ ಇರುವ ಮನೆಯಲ್ಲಿ 20 ಬೋರಿನ ತೋಟಾ ಬೆರೆಸಿ ಇಡಬೇಡಿ. ಅದು 12ರ ನಳಿಗೆಯೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ಖಾಲಿ ಎಂದು ತಿಳಿದು ಹಿಂದೆ ಇನ್ನೊಂದು ಹಾಕಿದರೆ ಕೈ ಹೋಗುತ್ತದೆ.

4. ಊದಿಕೊಂಡ, ಹಸಿರು ಕಿಲುಬು ಹಿಡಿದ ತೋಟಾ ಬಳಸಬೇಡಿ. ಅದನ್ನು ಬಿಚ್ಚುವುದು, ಒಲೆಗೆ ಎಸೆಯುವುದು, ಹೊಲದಲ್ಲಿ ಹೂಳುವುದು ಬೇಡ. ಲೈಸೆನ್ಸು ಪಡೆದ ಅಂಗಡಿಯವರನ್ನೋ ಠಾಣೆಯನ್ನೋ ಕೇಳಿ ಒಪ್ಪಿಸಿ.

5. ಕುದುರೆ ಬಿದ್ದೂ ಈಡು ಹಾರದಿದ್ದರೆ ನಳಿಗೆಯನ್ನು ಜನರಿಲ್ಲದ ಕಡೆ ತಿರುಗಿಸಿ ಹಿಡಿದು ಸ್ವಲ್ಪ ಹೊತ್ತು ಕಾಯಿರಿ. ಸದ್ದು ಸಣ್ಣದಾಗಿ ಕೇಳಿದರೆ ನಳಿಗೆ ನೋಡದೆ ಇನ್ನೊಂದು ತೋಟಾ ಹಾಕಬೇಡಿ.

6. ಕೋವಿ ಒಂದು ಬೀಗದಲ್ಲಿ, ತೋಟಾ ಇನ್ನೊಂದು ಬೀಗದಲ್ಲಿ. ಬೀಗದ ಕೈ ಲೈಸೆನ್ಸುದಾರನ ಬಳಿ.

7. ಪೊದೆ ಅಲುಗಿತೆಂದು ಈಡು ಹೊಡೆಯಬೇಡಿ. ಹಂದಿಯೆಂದು ತಿಳಿದು ಮನುಷ್ಯನನ್ನು ಹೊಡೆದ ಸುದ್ದಿ ಪತ್ರಿಕೆಗಳಲ್ಲಿ ಬಾರದ ವರ್ಷವಿಲ್ಲ.

ಕೋವಿಯೊಂದೇ ಉತ್ತರವಲ್ಲವೆಂಬುದೂ ನಮಗೆ ತಿಳಿದಿದೆ. ಅಕ್ಕಪಕ್ಕದ ಹತ್ತು ಹಿಡುವಳಿಗಳು ಸೇರಿ ಹಾಕಿಸಿದ ಸೌರ ಬೇಲಿ ಹಲವು ಕಡೆ ಕೋವಿಗಿಂತ ಹೆಚ್ಚು ಬೆಳೆ ಉಳಿಸಬಲ್ಲದು. ನಮ್ಮ ಕಡೆ ತುಪಾಕಿ ಎನ್ನುವ ಈ ಸಾಮಾನು ಕೊನೆಯ ಕಾವಲು ಮಾತ್ರ. ಅದನ್ನು ಕಾಯಿದೆಯ ಬಾಗಿಲಿನಿಂದ ಪಡೆದು, ಕಾರ್ಖಾನೆಯ ತೋಟಾ ಹಾಕಿ, ಒಪ್ಪವಾಗಿ ಇಟ್ಟುಕೊಳ್ಳುವುದೇ ಜಾಣತನ. ತೋಟಾ ಬೇಡಿಕೆಯ ಪಟ್ಟಿಗೆ ಹೆಸರು ಬರೆಸಲಿಚ್ಛಿಸುವ ಲೈಸೆನ್ಸುದಾರ ಸದಸ್ಯರೂ, ಹೊಸದಾಗಿ ಅರ್ಜಿ ಹಾಕಲು ನೆರವು ಬೇಕಾದವರೂ ಸಂಘದ ಕಚೇರಿಗೆ ತಿಳಿಸಬೇಕೆಂದು ಕೋರುತ್ತೇವೆ. ಪಟ್ಟಿ ಉದ್ದವಾದಷ್ಟೂ ನಮ್ಮ ಮಾತಿಗೆ ತೂಕ ಹೆಚ್ಚು.