ಬಾಯಿ ಕೆಟ್ಟರೆ ಕರುಳಿಗೂ ಕುತ್ತು

ಜತ್ತ, ಅಕ್ಕಲಕೋಟ ಕಡೆ ನಮ್ಮ ಕೆಲವು ಮನೆಗಳಲ್ಲಿ ಮಿಶ್ರಿ ತಿಕ್ಕುವ ರೂಢಿ ಇನ್ನೂ ಬಿಟ್ಟಿಲ್ಲ. ಮಿಶ್ರಿ ಅಂದರೆ ಹುರಿದ ತಂಬಾಕಿನ ಪುಡಿ, ಒಸಡನ್ನು ಕೆಡಿಸುತ್ತದೆ. ರಕ್ತ ಬಂದರೂ ‘ಏನಾಗ್ತದ ಬಿಡು’ ಅಂತಾರೆ.

ಆದರೆ ದಿನಕ್ಕೆ ಸುಮಾರು 1 ಲೀಟರ್ ಜೊಲ್ಲು ನುಂಗುತ್ತೇವೆ. ಅದರೊಂದಿಗೆ ಬಾಯಿಯ ಬ್ಯಾಕ್ಟೀರಿಯಾಗಳೂ ಇಳಿಯುತ್ತವೆ. ಬಹಳಷ್ಟು ಜಠರದ ಆಮ್ಲಕ್ಕೆ ಸಾಯುತ್ತವೆ, ಕೆಲವು ಕರುಳು ಸೇರುತ್ತವೆ. ಒಸಡು ರೋಗದಲ್ಲಿ ಹೆಚ್ಚುವ ಫ್ಯೂಸೋಬ್ಯಾಕ್ಟೀರಿಯಂನ ಒಂದು ಬಗೆ, 2024ರ ಅಧ್ಯಯನವೊಂದರಲ್ಲಿ ಪರೀಕ್ಷಿಸಿದ ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆಗಳ ಪೈಕಿ ಸುಮಾರು ಅರ್ಧದಷ್ಟರಲ್ಲಿ ಸಿಕ್ಕಿತು. ಕ್ಯಾನ್ಸರಿಗೆ ಅದೇ ಕಾರಣವೆಂದು ಸಾಬೀತಾಗಿಲ್ಲ. ಹಾಗಂತ ಸುಮ್ಮನಿರುವುದು ಜಾಣತನವಲ್ಲ.

ಆರೋಗ್ಯ ಶಿಬಿರಗಳಲ್ಲಿ ಬಿ.ಪಿ., ಶುಗರ್ ಜೊತೆ ಬಾಯಿಯನ್ನೂ ನೋಡಲಿ. ಗಡಿಯ ಕನ್ನಡ ಶಾಲೆಗಳ ಮಾಸ್ತರರು ಮಕ್ಕಳಿಗೆ ಈ ಮಾತು ಹೇಳಲಿ; ಮಕ್ಕಳು ಹೇಳಿದರೆ ಅವ್ವ, ಅಜ್ಜಿ ಕೇಳಿಯಾರು. ಮಿಶ್ರಿ ಡಬ್ಬಿ ಮನೆಯಿಂದ ಹೊರಬೀಳಲಿ.