ಪಂಚರ್ ಹಾಕುವವನಿಲ್ಲದ ಊರಲ್ಲಿ ಸೈಕಲ್ ಪಥ

ಆಫೀಸಿಗೆ ಸೈಕಲ್ಲಲ್ಲಿ ಹೋಗಿ, ಮೈಗೂ ಒಳ್ಳೇದು, ಟ್ರಾಫಿಕ್ಕೂ ಕಮ್ಮಿಯಾಗುತ್ತೆ ಅಂತ ಉಪದೇಶ ಮಾಡುವವರು ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಿಗೆಲ್ಲ ನನ್ನದು ಒಂದೇ ಪ್ರಶ್ನೆ. ದಾರೀಲಿ ಪಂಚರ್ ಆದ್ರೆ ಏನ್ ಮಾಡ್ಬೇಕು ಸ್ವಾಮಿ?

ಇದು ಕುಹಕ ಅಲ್ಲ. 2020ರಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಸೈಕಲ್ ಪಥ ಮಾಡಿದಾಗ ನಾವೆಲ್ಲ ಫೋಟೋ ಹಾಕಿ ಸಂಭ್ರಮಿಸಿದ್ವಿ. ಆಮೇಲೆ ಕಂಬಗಳು ಮುರಿದವು, ಬೈಕುಗಳು ಒಳಗೆ ನುಗ್ಗಿದವು. ಅದರ ಬಗ್ಗೆ ಸಿಟ್ಟಿನಿಂದ ಬರೆದವರು ಬಹಳ. ಆ ಪಥದ ಪಕ್ಕದಲ್ಲಿ ಸೈಕಲ್ಲಿಗೆ ಪಂಚರ್ ಹಾಕುವವರು ಎಷ್ಟು ಮಂದಿ ಉಳಿದಿದ್ದಾರೆ ಅಂತ ಕೇಳಿದವರನ್ನು ಮಾತ್ರ ನಾನು ಕಾಣೆ.

ಹೋದ ತಿಂಗಳು ಬೆಳಿಗ್ಗೆ ಮಾರತ್ತಹಳ್ಳಿ ಹತ್ತಿರ ನನ್ನ ಹಿಂದಿನ ಚಕ್ರದ ಗಾಳಿ ಇಳಿಯಿತು. ಪಂಚರ್ ಅಂಗಡಿ ಎದುರಿಗೇ ಇತ್ತು. "ಸೈಕಲ್ ಮಾಡಲ್ಲ ಸಾರ್" ಅಂದ. ಬ್ಯಾಗಲ್ಲಿ ಪ್ಯಾಚು, ಸಲ್ಯೂಷನ್, ಕೈಪಂಪು ಇದ್ದವು, ಪಕ್ಕದಲ್ಲೇ ಕೂತು ಕೆಲಸ ಶುರು ಮಾಡಿದೆ. ಅಷ್ಟರಲ್ಲಿ ಸೆಕ್ಯುರಿಟಿ ಯೂನಿಫಾರ್ಮಿನ ಹಿರಿಯರೊಬ್ಬರು ಕಪ್ಪು ಸೈಕಲ್ ತಳ್ಳಿಕೊಂಡು ಬಂದರು. ಅವರಿಗೂ ಅದೇ ಉತ್ತರ. "ಎಂಟಕ್ಕೆ ಡ್ಯೂಟಿ ಸಾರ್, ಲೇಟಾದ್ರೆ ಅರ್ಧ ದಿನ ಕಟ್" ಅಂದರು. ನನ್ನ ಸಾಮಾನು ಕೊಟ್ಟೆ. ಅವರು ಚಕ್ರ ಬಿಚ್ಚಲೇ ಇಲ್ಲ. ಟಯರನ್ನು ಒಂದು ಪಕ್ಕ ಎಬ್ಬಿಸಿ, ಟ್ಯೂಬ್ ಎಳೆದು, ಮುಳ್ಳು ಹುಡುಕಿ ತೆಗೆದು, ಪ್ಯಾಚು ಒತ್ತಿ, ಗಾಳಿ ತುಂಬಿ ಹೊರಟೇಬಿಟ್ಟರು. ನಾನಿನ್ನೂ ಟಯರ್ ಕೂರಿಸುತ್ತಿದ್ದೆ. ಆ ಅಣ್ಣನ ಕೈಯಲ್ಲಿ ವಿದ್ಯೆ ಇತ್ತು, ಇಲ್ಲದಿದ್ದದ್ದು ಒಂದು ಪ್ಯಾಚು, ಒಂದು ಪಂಪು ಅಷ್ಟೆ.

ಅಂಗಡಿಯವನನ್ನು ಬೈಯೋದು ಸುಲಭ, ನಾನು ಬೈಯಲ್ಲ. ಬೈಕಿನ ಟ್ಯೂಬ್‌ಲೆಸ್ ಟಯರಿಗೆ ರಬ್ಬರ್ ಪಟ್ಟಿ ಚುಚ್ಚಿದರೆ ಐದು ನಿಮಿಷದಲ್ಲಿ ದುಡ್ಡು ಕೈಗೆ ಬರುತ್ತೆ. ಸೈಕಲ್ ಟ್ಯೂಬಿಗೆ ಇಪ್ಪತ್ತು ನಿಮಿಷ ಬಗ್ಗಿ ಕೂತರೂ ಅದರ ಅರ್ಧ ಸಿಗಲ್ಲ. ಟ್ಯೂಬ್‌ಲೆಸ್ ಬಂದ ಮೇಲೆ ನೀರಿನ ಬೋಗುಣಿ ಹೋಯ್ತು, ಕಂಪ್ರೆಸರ್ ಬಂದ ಮೇಲೆ ಕೈಪಂಪು ಹೋಯ್ತು. ಆ ಕಂಪ್ರೆಸರಿನ ಮೂತಿ ಕೂರೋದು ಬೈಕು, ಕಾರಿನಂಥ ದಪ್ಪ ವಾಲ್ವಿಗೆ. ದುಬಾರಿ ರೋಡ್ ಬೈಕಿನ ತೆಳ್ಳನೆ ಪ್ರೆಸ್ಟಾ ವಾಲ್ವಿಗೂ ಅದು ಕೂರಲ್ಲ, ಕಪ್ಪು ಸೈಕಲ್ಲಿನ ಹಳೇ ಡನ್ಲಪ್ ವಾಲ್ವಿಗೂ ಕೂರಲ್ಲ. ಐವತ್ತು ಸಾವಿರದ ಸೈಕಲ್ಲೂ ಐದು ಸಾವಿರದ ಸೈಕಲ್ಲೂ ಒಂದೇ ಬಾಗಿಲಿಂದ ವಾಪಸ್! ತಮಾಷೆ ಅಂದ್ರೆ ಆ ಎರಡೂ ವಾಲ್ವಿಗೆ ಒಂದೇ ಪಂಪು ಸಾಕು.

ವ್ಯತ್ಯಾಸ ಇರೋದು ಪಂಚರ್ ಆದ ಮೇಲೆ. ನಮಗೆ ತಪ್ಪೋದು ಒಂದು ಸ್ಟ್ಯಾಂಡಪ್ ಮೀಟಿಂಗ್. "ಇವತ್ತು ವರ್ಕ್ ಫ್ರಮ್ ಹೋಮ್" ಅಂತ ಮೆಸೇಜ್ ಹಾಕಿ ಆಟೋ ಹತ್ತಬಹುದು. ಅವರಿಗೆ ತಪ್ಪೋದು ಅರ್ಧ ದಿನದ ಅನ್ನ. ಸೈಕಲ್ ಕಮ್ಯೂಟರ್ ಅಂದ್ರೆ ಹೆಲ್ಮೆಟ್ಟು, ಲೈಕ್ರಾ ಹಾಕ್ಕೊಂಡ ನಾವು ಅಂತ ತಿಳ್ಕೊಂಡು ಮಾಡೋ ಯೋಜನೆಗಳಲ್ಲಿ ಈ ಜನ ಲೆಕ್ಕಕ್ಕೇ ಬರಲ್ಲ. ವರ್ಷಪೂರ್ತಿ, ಮಳೇಲೂ ಬಿಸಿಲಲ್ಲೂ, ಬೇರೆ ದಾರಿಯಿಲ್ಲದೆ ತುಳಿಯೋರು ಇವರೇ.

ಹಳ್ಳಿಯಲ್ಲಿ ಬೆಳೆದವರಿಗೆ ಇದೇನೂ ಹೊಸ ಪಾಠ ಅಲ್ಲ. 2006-07ರಿಂದ ರಾಜ್ಯ ಸರ್ಕಾರ 8ನೇ ತರಗತಿ ಮಕ್ಕಳಿಗೆ ಸೈಕಲ್ ಕೊಟ್ಟಿತಲ್ಲ, ನಮ್ಮ ಕಡೆ ಬಸ್‌ಸ್ಟ್ಯಾಂಡ್ ಪಕ್ಕ ಸೈಕಲ್ ಶಾಪ್ ಇದ್ದ ಊರುಗಳಲ್ಲಿ ಅವು ಪಿಯುಸಿವರೆಗೂ ಓಡಿದವು. ಶಾಪ್ ಇಲ್ಲದ ಊರುಗಳಲ್ಲಿ ಒಂದೆರಡು ಪಂಚರಿಗೇ ಕೊಟ್ಟಿಗೆ ಗೋಡೆಗೆ ಒರಗಿದವು. ಸೈಕಲ್ ಓಡಿಸೋದು ರಸ್ತೆ ಒಂದೇ ಅಲ್ಲ, ರಿಪೇರಿಯವನೂ ಹೌದು.

ಹಾಗಾದ್ರೆ ಏನಾಗಬೇಕು? ಕೋಟಿಗಟ್ಟಲೆ ಟೆಂಡರ್ ಬೇಡ. ಪ್ರತಿ ಟೆಕ್ ಪಾರ್ಕಿನ ಗೇಟಿನಲ್ಲಿ ಒಂದು ಒಳ್ಳೇ ಪಂಪು, ಪ್ಯಾಚು, ಸಲ್ಯೂಷನ್, ಎರಡು ಟಯರ್ ಲಿವರ್, ನಾಲ್ಕು ಸ್ಪ್ಯಾನರ್ ಇಡಿ. ಬೇಸ್‌ಮೆಂಟಿನಲ್ಲಿ ಬ್ಯಾಡ್ಜ್ ತೋರಿಸಿದವರಿಗೆ ಮಾತ್ರ ಅಂತಲ್ಲ, ಗೇಟಿನಲ್ಲೇ ಇಡಿ, ಕಾವಲುಗಾರರೂ ಹೌಸ್‌ಕೀಪಿಂಗ್ ಅಕ್ಕಂದಿರೂ ಮುಟ್ಟುವ ಹಾಗೆ. ಒಂದು ಟೀಮ್ ಲಂಚಿನ ಬಿಲ್ಲಿಗಿಂತ ಕಮ್ಮಿ ಖರ್ಚು. ತಿಂಗಳಿಗೆ ಎರಡು ಸಲ ಒಬ್ಬ ಸೈಕಲ್ ಮೆಕ್ಯಾನಿಕ್ಕನ್ನು ಕರೆಸಿ, ಬ್ರೇಕ್ ಶೂ, ಚೈನು, ಕಡ್ಡಿ ನೋಡಿಸಿ, ಕೂಲಿ ಕಂಪನಿಯೇ ಕೊಡಲಿ.

ನಗರಾಡಳಿತಕ್ಕೂ ಒಂದು ಮಾತು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಸಾಮಾನು ಮಾರುವವರಿಗಷ್ಟೇ ಅಲ್ಲ, ಬೀದಿಯಲ್ಲಿ ಸೇವೆ ಕೊಡುವವರಿಗೂ ಅನ್ವಯಿಸುತ್ತೆ. ಮರದ ಕೆಳಗೆ ಪೆಟ್ಟಿಗೆ ಇಟ್ಟುಕೊಂಡು ಕೂತ ಪಂಚರಿನವನೂ ಅದರಲ್ಲಿ ಬರುತ್ತಾನೆ. ಫುಟ್‌ಪಾತ್ ನಡೆಯೋರಿಗೆ ಬೇಕು ಅಂತೀರಾ? ಖಂಡಿತ ಬೇಕು. ಅದಕ್ಕೇ ಮೆಟ್ರೊ ಸ್ಟೇಷನ್ನಿನ ಪಾರ್ಕಿಂಗಿನಲ್ಲಿ ಎರಡು ಬೈಕಿನಷ್ಟು ಜಾಗ ಅವನಿಗೆ ಕೊಡಿ. ಅವನನ್ನು ಎಬ್ಬಿಸಿ ಅದೇ ಜಾಗದಲ್ಲಿ ಸೈಕಲ್ ಚಿತ್ರ ಬರೆದರೆ ಯಾರಿಗೆ ಉಪಯೋಗ?

ಇನ್ನು ನಮ್ಮಂಥ ಇಂಜಿನಿಯರುಗಳು. ಪ್ರೊಡಕ್ಷನ್ನಲ್ಲಿ ಬಗ್ ಬಂದರೆ ರಾತ್ರಿ ಎರಡಕ್ಕೆ ಎದ್ದು ಸರಿಮಾಡ್ತೀವಿ. ಟ್ಯೂಬಿನಲ್ಲಿ ತೂತು ಬಿದ್ದರೆ ಫೋನ್ ತೆಗೀತೀವಿ. ಒಂದು ಭಾನುವಾರ ಕೂತು ಕಲಿತರೆ ಬರೋ ಕೆಲಸ ಇದು. ತೂತು ಹುಡುಕಿ, ಉಜ್ಜಿ, ಸಲ್ಯೂಷನ್ ಹಚ್ಚಿ ಒಣಗಲು ಬಿಡಿ, ಪ್ಯಾಚು ಒತ್ತಿ. ಟ್ಯೂಬ್ ವಾಪಸ್ ಹಾಕುವ ಮುಂಚೆ ಟಯರಿನ ಒಳಗೆ ಬೆರಳಾಡಿಸಿ ಮುಳ್ಳು ತೆಗೀರಿ, ಇಲ್ಲಾಂದ್ರೆ ಅರ್ಧ ಕಿಲೋಮೀಟರಿಗೆ ಮತ್ತೆ ಇಳೀಬೇಕು. ಕಲಿತ ಮೇಲೆ ಬ್ಯಾಗಲ್ಲಿ ಪ್ಯಾಚು ನಾಲ್ಕು ಜಾಸ್ತಿ ಇರಲಿ, ರಸ್ತೆಯಲ್ಲಿ ಸೈಕಲ್ ತಳ್ಳಿಕೊಂಡು ಹೋಗೋರು ನಿಮಗೆ ದಿನಾ ಸಿಗ್ತಾರೆ.